ಮಿಲ್ಲು ನಿಂತಿತು, ಲೈನು ಹೋಗಿರಲಿಲ್ಲ

ನಮ್ಮೂರಿನ ಬಯಲಲ್ಲಿ ಕರೆಂಟು ಹೋದದ್ದು ಗೊತ್ತಾಗುವುದು ಬಲ್ಬು ನೋಡಿ ಅಲ್ಲ, ಹಿಟ್ಟಿನ ಮಿಲ್ಲಿನ ಸದ್ದು ಕೇಳಿ. ನಂಜನಗೂಡಿಗೂ ತಿ. ನರಸೀಪುರಕ್ಕೂ ನಡುವೆ, ಹದಿನಾರು ಎಂಬ ಊರಿನ ಆಸುಪಾಸಿನಲ್ಲಿರುವ ಊರು ನಮ್ಮದು. ಊರ ಬಾಗಿಲಲ್ಲೇ ಮಿಲ್ಲು. ಬೆಳಗಿನಿಂದ ಸಂಜೆಯವರೆಗೆ ರಾಗಿ, ಅಕ್ಕಿ, ಮೆಣಸಿನಕಾಯಿ ಎಂದು ಒಂದೇ ಸಮನೆ ಗಡಗಡಿಸುತ್ತಿರುತ್ತದೆ. ಗದ್ದೆಯಲ್ಲಿದ್ದವರಿಗೆ ಆ ಸದ್ದು ಇದೆ ಎಂಬುದೇ ಮರೆತುಹೋಗಿರುತ್ತದೆ. ಅದು ನಿಂತಾಗ ಮಾತ್ರ ತಲೆ ಎತ್ತುತ್ತಾರೆ. 'ಲೈನ್ ಓಯ್ತು' ಅನ್ನುತ್ತಾರೆ.

ಹೀಗಂದ ಮೇಲೆ ಎಲ್ಲರೂ ಕೈಕಟ್ಟಿ ಕೂರುವುದಿಲ್ಲ. ನಮ್ಮ ಕಡೆ ಟ್ರಾನ್ಸ್‌ಫಾರ್ಮರನ್ನು ಟಿಸಿ ಎನ್ನುತ್ತಾರೆ. ಗದ್ದೆ ಬಯಲಿನ ಟಿಸಿ ಕಂಬದ ಮೇಲಿನ ಮೂರು ಫ್ಯೂಸುಗಳಲ್ಲಿ ಒಂದು ಆಗಾಗ ಸುಟ್ಟುಹೋಗುತ್ತದೆ, ಪಂಪುಗಳು ನಿಲ್ಲುತ್ತವೆ. ಲೈನ್‌ಮನ್ ಬಂದು, ಸಬ್‌ಸ್ಟೇಷನ್ನಿಗೆ ಹೇಳಿ ಲೈನು ತೆಗೆಸಿ, ಆಮೇಲೆ ಹತ್ತಿ ಫ್ಯೂಸು ಕಟ್ಟಬೇಕು. ಆದರೆ ಒಬ್ಬ ಲೈನ್‌ಮನ್‌ಗೆ ಎಷ್ಟೋ ಊರು. ಟಿಸಿಗೆ ಬರುವ ಕರೆಂಟು ತೆಗೆಯಲು ಕಂಬದ ಬುಡದಲ್ಲಿ ಹಿಡಿಯಿರುವ ಸ್ವಿಚ್ಚೊಂದಿತ್ತು, ಅದು ತುಕ್ಕು ಹಿಡಿದು ಪೂರ್ತಿ ಬಿಡಿಸಿಕೊಳ್ಳುತ್ತಿರಲಿಲ್ಲ. ಹಾಗಾಗಿ ಊರವರೇ ಒಂದು ದಾರಿ ಮಾಡಿಕೊಂಡಿದ್ದರು. ತಾನಾಗಿಯೇ ಲೈನು ಹೋಗುವವರೆಗೆ ಕಾಯುವುದು. ಮಿಲ್ಲು ನಿಂತ ತಕ್ಷಣ ಹತ್ತುವುದು, ಫ್ಯೂಸು ಕಟ್ಟುವುದು, ಇಳಿಯುವುದು. ಲೈನು ಹೋದರೆ ಬರಲು ಒಂದಷ್ಟು ಹೊತ್ತಾದರೂ ಆಗುತ್ತದೆ ಎಂಬುದು ಎಲ್ಲರ ಲೆಕ್ಕ. ನಮ್ಮ ಬಯಲಿನ ಟಿಸಿಗೆ ಹಾಗೆ ಹತ್ತುತ್ತಿದ್ದವನು ನನ್ನ ಚಿಕ್ಕಪ್ಪ.

ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಸಾಕಿದವನು ಇದೇ ಚಿಕ್ಕಪ್ಪ. ಹೆಣ್ಣುಮಗು ಎಲೆಕ್ಟ್ರಿಕಲ್ ಡಿಪ್ಲೊಮಾ ಓದಿ ಏನು ಕಂಬ ಹತ್ತುತ್ತಾಳಾ ಎಂದು ನೆಂಟರು ನಕ್ಕಾಗ, ಅವಳು ಹತ್ತದಿದ್ದರೆ ನಾನು ಹತ್ತುತ್ತೀನಿ ಎಂದು ಬಾಯಿ ಮುಚ್ಚಿಸಿದ್ದ. ಆ ಮಾತನ್ನು ಇಷ್ಟು ಚೆನ್ನಾಗಿ ನಡೆಸಿಕೊಡಬೇಕಾಗಿರಲಿಲ್ಲ. ಹತ್ತಬೇಡ ಎಂದು ನಾನು ಎಷ್ಟು ಸಲ ಜಗಳ ಆಡಿದ್ದೇನೋ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅವನಿಗೆ ನಗು. ಒಣಗುವ ಪೈರು ನಿನ್ನ ರೂಲ್ಸಿಗೆ ಕಾಯುತ್ತದಾ ಎಂದು ಕೇಳಿ ಎದ್ದು ಹೋಗುತ್ತಿದ್ದ.

ತಾಂಡ್ಯದ ಫ್ಯಾಕ್ಟರಿಯೊಂದರಲ್ಲಿ ಬಹಳ ವರ್ಷ ಪ್ಯಾನಲ್ ರೂಮಿನಲ್ಲಿ ದುಡಿದು, ನಾನು ಊರಿಗೆ ಹತ್ತಿರವಾಗಲಿ ಎಂದು ತಿ. ನರಸೀಪುರ ರಸ್ತೆಯ ತವುಡಿನ ಎಣ್ಣೆಯ ಫ್ಯಾಕ್ಟರಿಗೆ ಸೇರಿದೆ. ಕರೆಂಟಿನ ಜವಾಬ್ದಾರಿಯೆಲ್ಲ ನನ್ನದು. ಹೊಸ ಘಟಕಕ್ಕೆಂದು ದೊಡ್ಡ ಟ್ರಾನ್ಸ್‌ಫಾರ್ಮರೊಂದನ್ನು ತಂದು ಕೂರಿಸಿದರು, ಒಂದು ಕೋಣೆಯಷ್ಟು ದೊಡ್ಡದು. ನಮಗೆ ಬರುವ ಲೈನೇ ಮುಂದೆ ಸಾಗಿ ನಮ್ಮೂರಿಗೂ ಅದರಾಚೆಗೂ ಹೋಗುತ್ತದೆ. ಅಂದರೆ ಫ್ಯಾಕ್ಟರಿಗೆ ಕರೆಂಟು ಹಾಕಿ ತೆಗೆಯುವ ನನ್ನ ಬ್ರೇಕರೂ ಚಿಕ್ಕಪ್ಪನ ಟಿಸಿಯೂ ಒಂದೇ ಹಗ್ಗಕ್ಕೆ ಕಟ್ಟಿದವು. ಇದು ಮೊದಲು ನನಗೆ ಖುಷಿ ಕೊಟ್ಟ ವಿಷಯವೇ ಆಗಿತ್ತು.

ಮೊದಲ ಸಲ ಟ್ರಾನ್ಸ್‌ಫಾರ್ಮರನ್ನು ಲೈನಿಗೆ ಸೇರಿಸಿದೆವು. ನಮ್ಮ ಭಾಷೆಯಲ್ಲಿ ಚಾರ್ಜ್ ಮಾಡುವುದು. ಧಡ್ ಎಂದು ಬ್ರೇಕರ್ ಕೂತಿತು, ಟ್ರಾನ್ಸ್‌ಫಾರ್ಮರ್ ಒಮ್ಮೆ ಗೂಳಿಯ ಹಾಗೆ ಗುಟುರು ಹಾಕಿತು, ಫ್ಯಾಕ್ಟರಿಯೆಲ್ಲ ಕತ್ತಲಾಯಿತು. ಸಬ್‌ಸ್ಟೇಷನ್ನಿನಲ್ಲೇ ಲೈನು ಬಿದ್ದಿತ್ತು, ಅಂದರೆ ಅಲ್ಲಿನ ಬ್ರೇಕರ್ ತಾನಾಗಿ ಬಿಟ್ಟುಕೊಂಡು ಕರೆಂಟು ನಿಂತಿತ್ತು. ಟ್ರಾನ್ಸ್‌ಫಾರ್ಮರಿನಲ್ಲಿ ದೋಷವೇನೂ ಇರಲಿಲ್ಲ. ದೊಡ್ಡ ಟ್ರಾನ್ಸ್‌ಫಾರ್ಮರಿನ ಹುಟ್ಟುಗುಣ ಅದು. ಕೆಲಸವಿರಲಿ ಬಿಡಲಿ, ಸೇರಿಸಿದ ಮೊದಲ ಕ್ಷಣದಲ್ಲಿ ಒಳಗಿನ ಕಬ್ಬಿಣ ತನ್ನ ಅಳತೆ ಮೀರಿ ಕರೆಂಟನ್ನು ಎಳೆದುಕೊಳ್ಳುತ್ತದೆ, ಆಮೇಲೆ ಏನೂ ಆಗದವರ ಹಾಗೆ ತಣ್ಣಗಾಗುತ್ತದೆ. ಇದು ಮೊದಲ ಸೆಳೆತ ಅಷ್ಟೇ ಎಂದು, ಕರೆಂಟು ಮೀರಿದರೆ ಬ್ರೇಕರನ್ನು ಬೀಳಿಸುವ ನಮ್ಮ ರಿಲೇಗೆ ಗೊತ್ತು, ಅದು ತಡೆದುಕೊಳ್ಳುತ್ತದೆ. ಸಬ್‌ಸ್ಟೇಷನ್ನಿನ ಹಳೆಯ ರಿಲೇಗೆ ಆ ತಾಳ್ಮೆ ಇಲ್ಲ, ಎಲ್ಲೋ ಲೈನು ಹರಿದುಬಿತ್ತು ಎಂದುಕೊಂಡು ಎಲ್ಲರ ಕರೆಂಟನ್ನೂ ತೆಗೆದುಬಿಡುತ್ತದೆ.

ಮತ್ತೆ ಪ್ರಯತ್ನಿಸಿದೆವು, ಮತ್ತೆ ಬಿತ್ತು. ಬೇರೆ ದಿನ ನೋಡಿದೆವು, ಆಗಲೂ ಅದೇ. ಆ ಭಾನುವಾರ ಊರಿಗೆ ಹೋದಾಗ ಚಿಕ್ಕಪ್ಪ ಬಹಳ ಸಂತೋಷದಲ್ಲಿದ್ದ. ನೀನು ಲೈನು ಬೀಳಿಸಿದ್ದು ಒಳ್ಳೆಯದೇ ಆಯಿತು, ಎರಡು ಕಡೆ ಫ್ಯೂಸು ಕಟ್ಟಿಬಿಟ್ಟೆ ಎಂದ. ನನ್ನ ಕೈಯಲ್ಲಿದ್ದ ಮುದ್ದೆಯ ತುತ್ತು ತಟ್ಟೆಗೇ ಬಿತ್ತು. ಆ ಹೊತ್ತಿನಲ್ಲಿ ಸಬ್‌ಸ್ಟೇಷನ್ನಿನವರು ಎಷ್ಟು ಬೇಗ ಬೇಕಾದರೂ ಲೈನು ಹಾಕಬಹುದಿತ್ತು. ಕೂಗಾಡಿದೆ. ಚಿಕ್ಕಮ್ಮನೂ ನನ್ನ ಜೊತೆ ಸೇರಿಕೊಂಡಳು. ಕೊನೆಗೆ ಅವನು, ಇನ್ನು ನಿನ್ನ ಫ್ಯಾಕ್ಟರಿ ಬೀಳಿಸಿದ ಲೈನಿಗೆ ಹತ್ತುವುದಿಲ್ಲ ಎಂದ. ಫ್ಯಾಕ್ಟರಿ ಇನ್ನು ಲೈನು ಬೀಳಿಸುವುದೇ ಇಲ್ಲ, ಅದಕ್ಕೆ ವ್ಯವಸ್ಥೆ ಮಾಡುತ್ತಿದ್ದೇವೆ ಎಂದು ನಾನೂ ಜಂಬ ಕೊಚ್ಚಿಕೊಂಡೆ.

ವ್ಯವಸ್ಥೆ ಮಾಡಲೇಬೇಕಿತ್ತು. ಇನ್ನೊಂದು ಸಲ ನಿಮ್ಮಿಂದ ಲೈನು ಬಿದ್ದರೆ ನಿಮ್ಮ ಸಂಪರ್ಕವನ್ನೇ ತೆಗೆಯುತ್ತೇವೆ ಎಂದು ಸಬ್‌ಸ್ಟೇಷನ್ನಿನಿಂದ ಕಡ್ಡಿ ಮುರಿದ ಹಾಗೆ ಹೇಳಿದ್ದರು. ನಮ್ಮ ಮ್ಯಾನೇಜರಿಗೆ ನಾನು ವಿವರಿಸಿದ್ದು ಎತ್ತಿನ ಉದಾಹರಣೆ ಕೊಟ್ಟು. ಬಿಸಿಲಲ್ಲಿ ಉತ್ತು ಬಂದ ಎತ್ತು ನೀರಿನ ತೊಟ್ಟಿಗೆ, ನಮ್ಮ ಕಡೆಯ ಬಾನಿಗೆ, ಬಾಯಿ ಹಾಕಿದರೆ ಒಂದೇ ಉಸಿರಿಗೆ ಕುಡಿದು ಹೊಟ್ಟೆ ಕೆಡಿಸಿಕೊಳ್ಳುತ್ತದೆ. ಅದಕ್ಕೇ ಚಿಕ್ಕಪ್ಪ ನೀರಿನ ಮೇಲೆ ಒಂದು ಹಿಡಿ ಒಣಹುಲ್ಲು ಹರಡುತ್ತಿದ್ದ. ಎತ್ತು ಹುಲ್ಲನ್ನು ಮೂತಿಯಿಂದ ಸರಿಸುತ್ತಾ ನಿಧಾನಕ್ಕೆ ಕುಡಿಯುತ್ತಿತ್ತು. ನಾವೂ ಅದನ್ನೇ ಮಾಡೋಣ ಎಂದೆ. ಲೈನಿಗೂ ಟ್ರಾನ್ಸ್‌ಫಾರ್ಮರಿಗೂ ನಡುವೆ ರೆಸಿಸ್ಟರುಗಳನ್ನು ಇಡುವುದು. ಮೊದಲ ಸೆಳೆತ ಅವುಗಳ ಮೂಲಕವೇ ಹಾದು ಬರಬೇಕು, ಆಗ ಜೋರು ತಗ್ಗುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಇನ್ನೊಂದು ಬ್ರೇಕರ್ ಕೂತು, ಕರೆಂಟಿಗೆ ರೆಸಿಸ್ಟರನ್ನು ಬಳಸಿಹೋಗುವ ನೇರ ದಾರಿ ಕೊಡುತ್ತದೆ. ಮ್ಯಾನೇಜರಿಗೆ ಎತ್ತು ಅರ್ಥವಾಗಲಿಲ್ಲ, ಆದರೆ ಲೈನು ಬೀಳುವುದಿಲ್ಲ ಎಂಬುದು ಅರ್ಥವಾಯಿತು. ತರಿಸಿದರು.

ಚಾರ್ಜ್ ಮಾಡುವ ದಿನ ಮಧ್ಯಾಹ್ನ ಪ್ಯಾನಲ್ ರೂಮಿನಲ್ಲಿ ನಾನು, ಮ್ಯಾನೇಜರು, ನಮ್ಮ ಎಲೆಕ್ಟ್ರಿಷಿಯನ್ ಮೂವರೇ. ಸಬ್‌ಸ್ಟೇಷನ್ನಿಗೆ ಮೊದಲೇ ಫೋನ್ ಮಾಡಿ ತಿಳಿಸಿದ್ದೆ. ಬಟನ್ ಒತ್ತಿದೆ. ಧಡ್. ಟ್ಯೂಬ್‌ಲೈಟು ಒಂದು ಕ್ಷಣ ಮಂಕಾಯಿತು. ಹಿಂದೆಯೇ ಎರಡನೇ ಬ್ರೇಕರ್ ಕೂತ ಸದ್ದು. ಲೈಟು ಮತ್ತೆ ಬೆಳಗಿತು. ಹೊರಗೆ ಟ್ರಾನ್ಸ್‌ಫಾರ್ಮರ್ ಸಣ್ಣಗೆ ಗುಂಯ್‌ಗುಡುತ್ತಿತ್ತು. ಲೈನು ನಿಂತುಕೊಂಡಿತ್ತು. ಮ್ಯಾನೇಜರು ನನ್ನ ಕೈ ಕುಲುಕಿದರು. ಎಲೆಕ್ಟ್ರಿಷಿಯನ್ ಪ್ಯಾನಲ್ಲಿಗೆ ಕೈ ಮುಗಿದ.

ಈ ಹೆಮ್ಮೆಯನ್ನು ಯಾರಿಗಾದರೂ ಹೇಳಬೇಕಿತ್ತು. ಚಿಕ್ಕಪ್ಪ ಗದ್ದೆಯಲ್ಲಿದ್ದಾಗ ಫೋನ್ ಎತ್ತುವುದಿಲ್ಲ, ಅದಕ್ಕೆ ಚಿಕ್ಕಮ್ಮನಿಗೆ ಮಾಡಿದೆ. ಅವಳು ಮಿಲ್ಲಿನಲ್ಲೇ ಇದ್ದಳು, ರಾಗಿ ಬೀಸಿಸಲು ಹೋಗಿದ್ದಳಂತೆ. ನೋಡಿದ್ಯಾ, ಈ ಸಲ ಲೈನು ಹೋಗಲಿಲ್ಲ ಎಂದೆ.

"ಓಗದೆ ಏನು? ಈಗ ತಾನೆ ಮಿಲ್ಲು ನಿಂತೋಯ್ತಲ್ಲ. ನನ್ನ ರಾಗಿ ಅರ್ಧಕ್ಕೇ ನಿಂತದೆ."

ಎಲ್ಲಿ ಏನು ಎಂದು ನನಗೆ ತಕ್ಷಣಕ್ಕೆ ಹೊಳೆಯಲಿಲ್ಲ. ನಮ್ಮ ಲೈಟು ಉರಿಯುತ್ತಿತ್ತು, ಮೀಟರಿನ ಮುಳ್ಳು ನೆಟ್ಟಗಿತ್ತು. ಹಾಗಾದರೆ ಅಲ್ಲೇಕೆ ನಿಂತಿತು? ಆಮೇಲೆ ತಲೆಯೆತ್ತಿ ಟ್ಯೂಬ್‌ಲೈಟನ್ನು ನೋಡಿದೆ. ಚಿಕ್ಕಮ್ಮ, ಮಿಲ್ಲಿನ ಒಳಗೆ ಲೈಟು ಇದೆಯಾ ನೋಡು ಎಂದೆ.

"ಲೈಟು ಉರೀತಾ ಅದೆ. ಫ್ಯಾನೂ ತಿರುಗ್ತಾ ಅದೆ. ಮಿಲ್ಲು ಮಾತ್ರ ನಿಂತದೆ. ಮಿಲ್ಲಿನವನು ಟೀ ಕುಡಿಯಕ್ಕೆ ಓದ."

ಮಿಲ್ಲಿನ ದೊಡ್ಡ ಮೋಟಾರಿಗೆ ಸ್ಟಾರ್ಟರ್ ಇರುತ್ತದೆ. ವೋಲ್ಟೇಜು ಒಂದು ಕ್ಷಣ ಕುಸಿದರೂ ಅದು ಕೈಬಿಟ್ಟು ಮೋಟಾರನ್ನು ನಿಲ್ಲಿಸುತ್ತದೆ, ಯಾರಾದರೂ ಮತ್ತೆ ಒತ್ತುವವರೆಗೆ ಹಾಗೇ ಇರುತ್ತದೆ. ನಮ್ಮೂರು ಲೈನಿನ ಬಾಲದಲ್ಲಿದೆ, ಅಲ್ಲಿ ವೋಲ್ಟೇಜು ಮೊದಲೇ ಸೊರಗಿರುತ್ತದೆ. ನಾನು ಸೆಳೆತವನ್ನು ತಗ್ಗಿಸಿದ್ದೆ, ಇಲ್ಲವಾಗಿಸಿರಲಿಲ್ಲ. ಇಲ್ಲಿ ಟ್ಯೂಬ್‌ಲೈಟು ಮಂಕಾದ ಆ ಕ್ಷಣ ಅಲ್ಲಿ ಮಿಲ್ಲನ್ನು ನಿಲ್ಲಿಸಲು ಸಾಕಾಗಿತ್ತು. ಮಿಲ್ಲು ನಿಂತಿತ್ತು, ಲೈನಿನಲ್ಲಿ ಹನ್ನೊಂದು ಸಾವಿರ ವೋಲ್ಟು ಹಾಗೇ ಇತ್ತು.

ಚಿಕ್ಕಪ್ಪ ಎಲ್ಲಿ ಎಂದು ಕೇಳಿದೆ. ಕೇಳುವ ಮೊದಲೇ ಉತ್ತರ ಗೊತ್ತಿತ್ತು.

"ಬೆಳಗ್ಗೆಯಿಂದ ಟಿಸಿ ತಾವೇ ಅವ್ರೆ. ಫ್ಯೂಸ್ ಓಗಿತ್ತಂತೆ. ಮಿಲ್ಲು ನಿಂತ್ರೆ ಅತ್ತಬೇಕು ಅಂತ ಕಾಯ್ತಿದ್ರು. ಈಗ ಅತ್ತಿರ್ತಾರೆ ಕಣ್ ಮಗ, ಯಾಕೆ?"

ಓಡು, ಲೈನು ಹೋಗಿಲ್ಲ, ಕೂಗಿಕೊಂಡು ಓಡು ಎಂದು ಕಿರುಚಿದೆ. ಅವಳು ಓಡಿದಳು. ಆದರೆ ಮಿಲ್ಲಿನಿಂದ ಟಿಸಿಗೆ ಬದುಗಳ ಮೇಲೆ ಓಡಬೇಕು, ಅವಳಿಗೆ ಮಂಡಿನೋವು ಬೇರೆ. ಚಿಕ್ಕಪ್ಪನ ನಂಬರಿಗೆ ಮಾಡಿದೆ. ರಿಂಗಾಯಿತು. ಹತ್ತುವಾಗ ಅಂಗಿ ಬಿಚ್ಚಿ ಕಂಬದ ಬುಡದ ಕಲ್ಲಿನ ಮೇಲೆ ಇಡುತ್ತಾನೆ, ಫೋನು ಅಂಗಿಯ ಜೇಬಿನಲ್ಲಿ. ಅದು ಅಲ್ಲೇ ಬಡಿದುಕೊಳ್ಳುತ್ತಿದ್ದಿರಬೇಕು. ಸಬ್‌ಸ್ಟೇಷನ್ನಿಗೆ ಮಾಡಿದೆ. ಎಂಗೇಜ್. ಮತ್ತೆ ಮಾಡಿದೆ, ಮತ್ತೆ ಎಂಗೇಜ್. ಲೈಟು ಮಂಕಾಯಿತೆಂದು ಯಾರೋ ದೂರು ಹೇಳುತ್ತಿದ್ದರೋ ಏನೋ.

ನನ್ನ ಕಣ್ಣು ಪ್ಯಾನಲ್ಲಿನ ಮೇಲೆ ಹೋಯಿತು. ಲೈನು ಬೀಳಿಸುವ ಸಾಧನ ನನ್ನ ಎದುರಿಗೇ ಇತ್ತು. ಅದನ್ನು ಕಟ್ಟಿಹಾಕಲು ನಾನೇ ಇಷ್ಟು ದಿನ ಒದ್ದಾಡಿದ್ದೆ. ರೆಸಿಸ್ಟರನ್ನು ಬಳಸಿಹೋಗುವ ಆ ಎರಡನೇ ಬ್ರೇಕರ್ ಮೊದಲೇ ಹಾಕಿಬಿಡು, ಟ್ರಾನ್ಸ್‌ಫಾರ್ಮರನ್ನು ಆರಿಸಿ ನೇರವಾಗಿ ಚಾರ್ಜ್ ಮಾಡುತ್ತೀನಿ ಎಂದು ಎಲೆಕ್ಟ್ರಿಷಿಯನ್‌ಗೆ ಹೇಳಿದೆ. ಮ್ಯಾನೇಜರು ಅಡ್ಡ ಬಂದರು. ಸಂಪರ್ಕ ಕಿತ್ತುಹಾಕುತ್ತಾರೆ, ಸಬ್‌ಸ್ಟೇಷನ್ನಿಗೆ ಇನ್ನೊಂದು ಸಲ ಫೋನ್ ಮಾಡಿ ಎಂದರು. ಅವರ ಮಾತೇನೂ ತಪ್ಪಲ್ಲ, ಆದರೆ ಆಗ ನನಗೆ ಅವರನ್ನು ಕಚ್ಚಬೇಕೆನಿಸಿತು. ನನ್ನ ಫೋನನ್ನೇ ಅವರ ಕೈಗೆ ತುರುಕಿ, ನೀವು ಮಾಡುತ್ತಾ ಇರಿ, ನಾನು ಇದನ್ನು ಮಾಡುತ್ತೀನಿ ಎಂದೆ.

ಆರಿಸಿದೆ. ಹಾಕಿದೆ. ಧಡ್ ಎಂದಿತು. ಟ್ರಾನ್ಸ್‌ಫಾರ್ಮರ್ ಗುಟುರು ಹಾಕಿತು. ಟ್ಯೂಬ್‌ಲೈಟು ಮಂಕಾಯಿತು, ನಡುಗಿತು, ಮತ್ತೆ ಬೆಳಗಿತು.

ಲೈನು ಹೋಗಲಿಲ್ಲ.

ಇದೂ ಅದರ ಗುಣವೇ. ಅಲೆಯಂತೆ ಏರಿಳಿಯುವ ವೋಲ್ಟೇಜಿನ ಯಾವ ಏರಿನಲ್ಲಿ, ಯಾವ ಇಳಿತದಲ್ಲಿ ನಾವು ಸೇರಿಸಿದೆವು ಎಂಬುದರ ಮೇಲೆ ಸೆಳೆತ ಹೆಚ್ಚೂ ಆಗಬಹುದು, ಕಡಿಮೆಯೂ ಆಗಬಹುದು. ಬೇಡವೆಂದಾಗೆಲ್ಲ ಬಿದ್ದ ಲೈನು ಬೇಕೆಂದಾಗ ಕಲ್ಲಿನ ಹಾಗೆ ನಿಂತಿತು. ಚಿಕ್ಕಪ್ಪ ಫ್ಯೂಸಿನ ತಂತಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಹತ್ತುವುದು ಕಣ್ಣಿಗೆ ಕಟ್ಟಿತು. ಬೀಳು, ನಿನ್ನ ಮನೆ ಹಾಳಾಗ ಎಂದು ಆ ಕಬ್ಬಿಣಕ್ಕೆ ಬೈದೆ. ಮತ್ತೆ ಆರಿಸಿದೆ. ಮತ್ತೆ ಹಾಕಿದೆ.

ಈ ಸಲ ಗುಟುರು ಕೇಳಿಸುವಷ್ಟರಲ್ಲೇ ಎಲ್ಲ ಹೋಯಿತು. ಲೈಟು, ಫ್ಯಾನು, ಆಚೆ ಶೆಡ್ಡಿನ ಬ್ಲೋವರುಗಳು, ಎಲ್ಲ. ಅಷ್ಟು ದೊಡ್ಡ ಫ್ಯಾಕ್ಟರಿ ತೆಪ್ಪಗಾಯಿತು. ಮ್ಯಾನೇಜರ ಕೈಯಲ್ಲಿದ್ದ ನನ್ನ ಫೋನು ಹೊಡೆದುಕೊಂಡಿತು. ಸಬ್‌ಸ್ಟೇಷನ್ನಿನ ಆಪರೇಟರ್, ಬೆಂಕಿಯಾಗಿದ್ದರು. ಅವರು ಉಸಿರು ತೆಗೆದುಕೊಳ್ಳುವವರೆಗೆ ಕಾಯುವಷ್ಟು ಹೊತ್ತು ನನಗಿರಲಿಲ್ಲ.

"ಆಮೇಲೆ ಎಷ್ಟಾದ್ರೂ ಬಯ್ಯಿ ಸಾ. ಲೈನ್ ಮಾತ್ರ ಹಾಕ್ಬೇಡಿ. ನಮ್ಮ ಚಿಕ್ಕಪ್ಪ ಟಿಸಿ ಮೇಲವ್ರೆ."

ಅವರು ದನಿ ತಗ್ಗಿಸಿ, ನಿಮ್ಮ ಚಿಕ್ಕಪ್ಪ ಇಳಿದರು ಎಂದು ನೀವು ಹೇಳುವ ತನಕ ನಾನು ಈ ಕುರ್ಚಿ ಬಿಟ್ಟು ಏಳುವುದಿಲ್ಲ ಎಂದರು. ಅವರ ಮುಖವನ್ನು ನಾನು ಇವತ್ತಿಗೂ ನೋಡಿಲ್ಲ. ದೇವರ ಮುಂದೆ ನಿಂತಾಗ ಒಮ್ಮೊಮ್ಮೆ ಅವರ ನೆನಪಾಗುತ್ತದೆ.

ಲೈನು ಬಿದ್ದದ್ದೇನೋ ಬಿತ್ತು, ಹೊತ್ತಿಗೆ ಸರಿಯಾಗಿ ಬಿತ್ತೇ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಕತ್ತಲ ರೂಮಿನಲ್ಲಿ ನಾನು ನೆಲದ ಮೇಲೆ ಕೂತುಬಿಟ್ಟೆ. ಮ್ಯಾನೇಜರು ಬಾಗಿಲು ತೆರೆದು ಬೆಳಕು ಬಿಟ್ಟರು, ನೀರಿನ ಬಾಟಲಿ ತಂದು ಪಕ್ಕದಲ್ಲಿಟ್ಟರು. ನಾನು ಫೋನ್ ಮಾಡಲಿಲ್ಲ. ಓಡುತ್ತಿರುವವಳು ನಿಂತು ಎತ್ತಬೇಕಾಗುತ್ತದೆ ಎಂಬುದು ಒಂದು ನೆಪ. ನಿಜವಾಗಿ ಆ ಕಡೆಯಿಂದ ಬರುವ ಮಾತಿಗೆ ಹೆದರಿದ್ದೆ. ಟ್ರಾನ್ಸ್‌ಫಾರ್ಮರನ್ನೂ ಮಿಲ್ಲನ್ನೂ ಚಿಕ್ಕಪ್ಪನನ್ನೂ ಸೇರಿಸಿ ಮನಸ್ಸಿನಲ್ಲೇ ಬೈಯುತ್ತಾ ಕೂತಿದ್ದೆ, ಬೈಗುಳ ನಿಲ್ಲಿಸಿದರೆ ಅಳು ಬರುತ್ತದೆ ಎಂದು.

ಫೋನು ಬಂತು. ಚಿಕ್ಕಪ್ಪನ ನಂಬರು. ಎತ್ತಿದೆ. ಅತ್ತ ಚಿಕ್ಕಮ್ಮ ಏದುಸಿರು ಬಿಡುತ್ತಾ ಅಳುತ್ತಿದ್ದುದು ಕೇಳಿಸಿತು. ಅದರ ನಡುವೆ ಅವನ ದನಿ.

"ಮಿಲ್ಲು ನಿಂತಿತ್ತು ಕಣ್ ಮಗ. ಆದ್ರೂ ಟಿಸಿ ಗುಂಯ್ ಅಂತಾನೇ ಇತ್ತು. ಮಿಲ್ಲಿನ ಸದ್ದು ಇನ್ನೂ ಕಿವೀಲಿ ಅದೇನೋ ಅನ್ಕೊಂಡೆ. ಅತ್ತಿ ಕೈ ಚಾಚ್ದೆ. ಕೈ ಚಾಚ್ತಾ ಇದ್ದಂಗೇ ಗುಂಯ್ ಅನ್ನೋದು ನಿಂತೋಯ್ತು."

ಕೆಳಗಿಳಿದಿದ್ದೀಯಾ ಎಂದು ಕೇಳಿದೆ. ಇಳಿದಿದ್ದೀನಿ ಎಂದ. ಆಮೇಲೆ ತಡೆದು, ಹೆಂಗೂ ಈಗ ಲೈನು ನಿಜವಾಗಿ ಹೋಗಿದೆಯಲ್ಲ, ಫ್ಯೂಸು ಕಟ್ಟಿಯೇ ಬಿಡಲಾ ಎಂದ. ಆ ಮಾತಿಗೆ ನಾನು ಅಂದದ್ದನ್ನು ಬರೆಯುವ ಹಾಗಿಲ್ಲ. ತಮಗಿಂತ ಹಿರಿಯರಿಗೆ ಯಾರೂ ಹಾಗನ್ನಬಾರದು.

ವಿಚಾರಣೆ ನಡೆಯಿತು. ಸೆಕ್ಷನ್ ಆಫೀಸರು ಬಂದು ನಮ್ಮನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡರು, ಕೊನೆಗೆ ಸಂಪರ್ಕ ಉಳಿಯಿತು. ಬಯಲಿನ ಟಿಸಿಯ ಸ್ವಿಚ್ಚನ್ನು ಬದಲಾಯಿಸಿದರು. ಮತ್ತೆ ಚಾರ್ಜ್ ಮಾಡಲು ಅನುಮತಿ ಬರುವಷ್ಟರಲ್ಲಿ ಕೆಲವು ವಾರಗಳಾಗಿದ್ದವು. ಆ ದಿನ ನಾನು ಯಾವ ಭರವಸೆಯನ್ನೂ ನಂಬಲಿಲ್ಲ. ಬೆಳಗ್ಗೆಯೇ ಊರಿಗೆ ಹೋಗಿ ಚಿಕ್ಕಪ್ಪನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬಂದೆ. ಕಣ್ಣೆದುರಿಗೆ ಇದ್ದರೆ ಕಂಬದ ಮೇಲಂತೂ ಇರುವುದಿಲ್ಲ.

ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಹೆಗಲ ಮೇಲೆ ಟವೆಲ್ ಇಟ್ಟುಕೊಂಡು, ಮದುವೆಗೆ ಬಂದವನ ಹಾಗೆ ಪ್ಯಾನಲ್ ರೂಮಿನಲ್ಲಿ ನಿಂತಿದ್ದ. ರೆಸಿಸ್ಟರುಗಳನ್ನು ತೋರಿಸಿ ಅವು ಏನು ಮಾಡುತ್ತವೆ ಎಂದು ಹೇಳಿದೆ. ಹಂಗಾದರೆ ಬಾನಿಗೆ ಹುಲ್ಲು ಹಾಕಿದೀಯ ಎಂದ. ಹೌದು, ನಿನ್ನಿಂದಲೇ ಕಲಿತದ್ದು ಎಂದೆ. ಅವನಿಗೆ ಖುಷಿಯಾಯಿತು. ಮ್ಯಾನೇಜರು ಗಡಿಯಾರ ನೋಡಿದರು. ಸಬ್‌ಸ್ಟೇಷನ್ನಿಗೆ ಹೇಳಿಯಾಗಿತ್ತು. ನಾನು ಬಟನ್ ಮೇಲೆ ಬೆರಳಿಟ್ಟೆ.

ಚಿಕ್ಕಪ್ಪ ತನ್ನ ಅಂಗೈಯನ್ನು ನೋಡಿಕೊಳ್ಳುತ್ತಿದ್ದ, ಅವತ್ತು ಚಾಚಿದ ಬಲಗೈ.

"ಈಗ ನೀನು ಒತ್ತುದ್ರೆ ಮಿಲ್ಲು ನಿಲ್ತದಲ್ವಾ?"

ನಿಲ್ಲಬಹುದು, ಆದರೆ ನೀನು ಇಲ್ಲೇ ಇದ್ದೀಯಲ್ಲ ಎಂದೆ.

"ನಾನೇನೋ ಇಲ್ಲಿವ್ನಿ. ಆಚೆ ಊರುಗಳಲ್ಲೂ ಮಿಲ್ಲು ಅವೆ, ಟಿಸಿ ಅವೆ. ಅಲ್ಲೂ ನನ್ನಂಗೆ ಒಬ್ಬ ಕಾಯ್ತಾ ನಿಂತಿರ್ತಾನೆ ಕಣವ್ವ."

ಮ್ಯಾನೇಜರು ನನ್ನ ಮುಖ ನೋಡಿದರು. ಇಷ್ಟು ವಾರ ನಾನು ಒಬ್ಬನನ್ನು ಉಳಿಸಿಕೊಳ್ಳುವ ಯೋಚನೆಯಲ್ಲೇ ಇದ್ದೆ. ಬಟನ್ ಮೇಲಿಂದ ಬೆರಳು ತೆಗೆದೆ. ಚಿಕ್ಕಪ್ಪನನ್ನು ಮತ್ತೆ ಸ್ಕೂಟರಿನ ಹಿಂದೆ ಕೂರಿಸಿಕೊಂಡು, ಆ ಲೈನು ಹಿಡಿದು ಹೊರಟೆ, ಒಂದೊಂದು ಊರಿನ ಮಿಲ್ಲಿನ ಮುಂದೆಯೂ ನಿಲ್ಲಿಸಿ, ಇಲ್ಲಿ ಟಿಸಿ ಹತ್ತುವವರು ಯಾರು ಎಂದು ಕೇಳುತ್ತಾ.